ಕೋಟೆಯಿಲ್ಲದ ಬೆಟ್ಟದ ಕರಡಿಗಂಟೆ

ಇವತ್ತು ಬೆಳಿಗ್ಗೆ ಕಾರಿನ ಕೀ ಗೊಂಚಲನ್ನು ಮೊಳೆಯಿಂದ ತೆಗೆಯುವಾಗ ಅದರಲ್ಲಿದ್ದ ಪುಟ್ಟ ಹಿತ್ತಾಳೆಯ ಗಂಟೆ ಎಂದಿನಂತೆ ಕಿಣಿ ಎಂದಿತು. "ಪಪ್ಪಾ, ಪ್ಲೀಸ್! ಇಟ್ಸ್ ಫ್ರೈಡೇ!" ಎಂದು ರಜೆಯ ದಿನದ ನಿದ್ದೆ ಕೆಟ್ಟ ಮಗಳು ಹೊದಿಕೆಯೊಳಗಿಂದಲೇ ಕೂಗಿದಳು. ಹೆಂಡತಿ ಅಡುಗೆಮನೆಯಿಂದ ತಲೆ ಹೊರಹಾಕಿ, "ಇವತ್ತಾದ್ರೂ ಅಲ್ಲಿಗೆ ಹೋಗ್ತೀರಾ, ಇಲ್ಲ ಪುನಃ ಕಾರು ತೊಳೆಸ್ಲಿಕ್ಕಾ?" ಎಂದಳು. ಈ ವಾರ ಕಾರನ್ನು ಮೂರು ಸಲ ತೊಳೆಸಿಯಾಗಿತ್ತು. ನಾವಿರುವ ಹಮ್ರಿಯಾದ ಧೂಳಿಗೆ ಅಷ್ಟು ಬೇಕೇ ಬೇಕು ಎಂದು ವಾದಿಸಿದ್ದೆ, ಅವಳು ನಂಬಿರಲಿಲ್ಲ. ಕೀಯನ್ನು ಪುನಃ ಮೊಳೆಗೆ ಹಾಕಿದೆ.

ಅಲ್ಲಿಗೆ ಎಂದರೆ ಅಲ್ ಖೌದ್‌ನಲ್ಲಿರುವ ಹಮೀದಾಕನ ಮನೆಗೆ. ಹಮೀದ್ ಎಂಬ ಹೆಸರಿಗೆ ಹಿರಿಯರೆಂಬ ಗೌರವದ 'ಕಾಕ' ಸೇರಿ ಹಮೀದಾಕ. ನನಗಿಂತ ಮುಂಚೆ ಮಸ್ಕತ್ತಿಗೆ ಬಂದವರು ಈಗ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟಿದ್ದರು. ಭಾನುವಾರವೇ ಫೋನ್ ಮಾಡಿ, "ಈ ಶನಿವಾರ ಹೋಗುವುದು ಶೆಟ್ರೇ. ಖಲಾಸ್. ಪುರುಸೊತ್ತಾದ್ರೆ ಒಮ್ಮೆ ಬನ್ನಿ" ಎಂದಿದ್ದರು. ಪುರುಸೊತ್ತು ಧಾರಾಳ ಇತ್ತು. ಯಾವ ಮುಖ ಹೊತ್ತುಕೊಂಡು ಹೋಗುವುದು ಎಂಬುದೇ ತಿಳಿಯದೆ ಐದು ದಿನ ಕಾರು ತೊಳೆಸುತ್ತಾ ಕಳೆದಿದ್ದೆ. ಕಾರಣ ಹೇಳಬೇಕಾದರೆ ಈ ಗಂಟೆಯ ಕತೆ ಹೇಳಬೇಕು.

ಅದಕ್ಕೂ ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಕುಳಿತಲ್ಲಿ ಕೂರುವ ಆಸಾಮಿಯಲ್ಲ. ಲಿಫ್ಟಿನ ಬಟನ್ನನ್ನು ಮೂರು ಸಲ ಒತ್ತುತ್ತೇನೆ. ಮದುವೆಯೂಟದಲ್ಲಿ ಪಾಯಸ ಬರುವ ಮೊದಲೇ ಚಪ್ಪಲಿ ಎಲ್ಲಿಟ್ಟೆ ಎಂದು ಯೋಚಿಸುತ್ತೇನೆ. ಯಾರ ಮನೆಗೆ ಹೋದರೂ ಕೀ ಗೊಂಚಲನ್ನು ಕೈಯಿಂದ ಕೆಳಗಿಡದೆ ಆಡಿಸುತ್ತಲೇ ಇರುತ್ತೇನೆ. ಅಲ್ ಖುವೈರಿನ ಹೈವೇಯಲ್ಲಿ ಲೇನ್ ಬದಲಿಸಿ ಬದಲಿಸಿ, ಕೊನೆಗೆ ಆಫೀಸಿನ ಸಿಗ್ನಲ್ಲಿನಲ್ಲಿ ಮೊದಲಿನ ಬಿಳಿ ಪಿಕಪ್ಪಿನ ಹಿಂದೆಯೇ ನಿಂತಿರುತ್ತೇನೆ. ನಿಮ್ಮ ಪರಿಚಯದಲ್ಲೂ ಇಂಥವರೊಬ್ಬರು ಇದ್ದಾರು; ಇದ್ದರೆ ಅವರ ಹೆಂಡತಿಗೆ ನನ್ನ ಹೆಂಡತಿಯ ಸಂತಾಪ ತಿಳಿಸಿ.

ಹಮೀದಾಕ ಇದಕ್ಕೆ ತದ್ವಿರುದ್ಧ. ನಮ್ಮದು ನೀರಿನ ಪಂಪುಗಳ ಸರ್ವಿಸ್ ಮಾಡುವ ಕಂಪನಿ. ಅವರು ಫೋರ್‌ಮನ್, ನಾನು ರಿಪೋರ್ಟ್ ಬರೆಯುವವನು. ಓಡುತ್ತಿರುವ ಪಂಪಿನ ಮೈಗೆ ಉದ್ದದ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಎರಡು ನಿಮಿಷಕ್ಕೊಮ್ಮೆ, "ಆಯ್ತಾ? ಬೇರಿಂಗ್ ಹೋಗಿದೆ ಅಂತ ಬರೆಯಲಾ?" ಎನ್ನುವುದು. "ಪಂಪು ಹೇಳಿ ಮುಗಿಸ್ಲಿ ಮಾರಾಯ್ರೆ, ನಡುವಲ್ಲಿ ಬಾಯಿ ಹಾಕ್ಬೇಡಿ" ಎನ್ನುವುದು ಅವರು. ಪಂಪು ಹೇಳಿದ್ದನ್ನು ಅವರು ತಪ್ಪಾಗಿ ಕೇಳಿಸಿಕೊಂಡದ್ದು ನನಗಂತೂ ನೆನಪಿಲ್ಲ.

ಏಳು ವರ್ಷದ ಹಿಂದೆ, ಪಂಪು ತಯಾರಿಸುವ ಜಪಾನಿನ ಕಂಪನಿ ನಮ್ಮಿಬ್ಬರನ್ನು ಹತ್ತು ದಿನದ ತರಬೇತಿಗೆ ಕರೆಸಿಕೊಂಡಿತು. ನಡುವೆ ಬಂದ ಭಾನುವಾರ, ನಮಗೆ ಕಲಿಸುತ್ತಿದ್ದ ಹಯಾಶಿ ಎಂಬ ಹಿರಿಯರು, ಊರ ಹಿಂದಿನ ಬೆಟ್ಟದ ತುದಿಯಲ್ಲಿ ಹಳೆಯ ಕೋಟೆ ಇದೆ, ಹೋಗೋಣ ಎಂದರು. ಹತ್ತುವ ಮೊದಲು ನಮ್ಮಿಬ್ಬರ ಬ್ಯಾಗಿಗೂ ಒಂದೊಂದು ಗಂಟೆ ಕಟ್ಟಿದರು. ಕಾಡಿನಲ್ಲಿ ಕರಡಿ ಇದೆಯಂತೆ; ಶಬ್ದ ಕೇಳಿದರೆ ಅದೇ ದೂರ ಹೋಗುತ್ತದಂತೆ. "ಕರಡಿ ಮನೆಗೂ ಬೆಲ್ ಹೊಡೆದೇ ಹೋಗುವುದು, ಮರ್ಯಾದೆ ಅಂದ್ರೆ ಇದು" ಎಂದು ಹಮೀದಾಕ ಮೆಚ್ಚಿಕೊಂಡರು.

ಕೋಟೆ ಎಂದರೆ ನನಗೆ ಗೊತ್ತಿದ್ದದ್ದು ಒಮಾನಿನದು. ಮಣ್ಣಿನ ಬಣ್ಣದ ದುಂಡು ಬುರುಜು, ಆನೆ ನುಗ್ಗುವಷ್ಟು ದೊಡ್ಡ ಬಾಗಿಲು, ರಿಪೇರಿ ಮಾಡಿ ಮಾಡಿ ಹೊಸದಾದ ಗೋಡೆ, ಅದೃಷ್ಟವಿದ್ದರೆ ಖರ್ಜೂರ ಮತ್ತು ಕಾಫಿ. ಜೊತೆಗೆ ಹೋಟೆಲಿನ ಕ್ಯಾಲೆಂಡರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತಿದ್ದ ಬಿಳಿಯ ಜಪಾನಿ ಕೋಟೆಯೊಂದನ್ನು ನೋಡಿದ್ದೆ. ಅಂಥದ್ದರ ಎದುರು ನಿಂತು ಫೋಟೋ ತೆಗೆಸಿ ಊರಿನ ಗ್ರೂಪಿಗೆ ಹಾಕುವ ಅವಸರದಲ್ಲಿ ಮೆಟ್ಟಿಲು ಬಿಟ್ಟು ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ, ಹಿಂದೆ ಯಾವುದೋ ಹೆಬ್ಬಾಗಿಲು ಇದ್ದ ಜಾಗದಲ್ಲಿ, ಹಮೀದಾಕನ ಮೊಣಕಾಲು ಮುಷ್ಕರ ಹೂಡಿತು. ಅವರು ಒಂದು ಕಲ್ಲಿನ ಮೇಲೆ ಕುಳಿತು, "ನೀವು ನೋಡಿ ಬನ್ನಿ ಶೆಟ್ರೇ. ನಾನು ಇಲ್ಲೇ ಇರ್ತೇನೆ. ಒಟ್ಟಿಗೆ ಇಳಿಯುವ" ಎಂದರು. "ಐದೇ ನಿಮಿಷ" ಎಂದು ಹಯಾಶಿಯವರೊಂದಿಗೆ ಮೇಲೆ ಹತ್ತಿದೆ.

ತುದಿಯಲ್ಲಿ ಕೋಟೆ ಇರಲಿಲ್ಲ. ಪಾಚಿ ಹಿಡಿದ ಕಲ್ಲಿನ ದೊಡ್ಡ ಕಟ್ಟೆಗಳು, ಅವುಗಳ ಮೇಲೆ ಹುಲ್ಲು, ನಾಲ್ಕು ಪೈನ್ ಮರ, ಒಂದು ಬೋರ್ಡು, ಅಷ್ಟೇ. ಈಗ ನಮ್ಮ ಗಲ್ಫಿನವರ ಬುದ್ಧಿ ನೋಡಿ. ನಾವು ಊರಿನಲ್ಲಿ ಮನೆ ಕಟ್ಟಿಸುವುದು ರಜೆಯಿಂದ ರಜೆಗೆ. ಒಂದು ರಜೆಯಲ್ಲಿ ಅಡಿಪಾಯ, ಇನ್ನೊಂದರಲ್ಲಿ ಗೋಡೆ. ಮೇಲೆ ಏನೂ ಇಲ್ಲದ ಅಡಿಪಾಯ ಕಂಡರೆ ನಮಗೆ ತೋಚುವುದು ಒಂದೇ. "ಮೇಲಿನ ಕೆಲಸ ಯಾವಾಗ ಶುರು?" ಎಂದು ಕೇಳಿಯೇಬಿಟ್ಟೆ. ಹಯಾಶಿಯವರು ನಗಲಿಲ್ಲ. ಮೇಲಿನದು ಮರದ್ದು, ಆಳುವವರ ಅಪ್ಪಣೆಯಂತೆ ಶತಮಾನಗಳ ಹಿಂದೆಯೇ ಬಿಚ್ಚಿಹಾಕಿದರು ಎಂದು, ತಾವೇ ಬಿಚ್ಚಿದವರಂತೆ ಸಂಕೋಚದಿಂದ ಹೇಳಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತು, ಅನ್ನದ ಉಂಡೆಯ ಪೊಟ್ಟಣ ಬಿಚ್ಚಿ, ಏನೂ ಇಲ್ಲದ ಆ ಜಾಗವನ್ನೇ ನೋಡತೊಡಗಿದರು.

ನನಗೆ ಅದು ಆಗದು. ಎರಡು ಸುತ್ತು ಹಾಕಿದೆ. ಬೋರ್ಡಿನ ಫೋಟೋ ತೆಗೆದೆ. "ಹಮೀದಾಕ ಕಾಯ್ತಾ ಇದ್ದಾರೆ, ನಾನು ಇಳೀತೇನೆ" ಎಂದು ಹೊರಟೆ. ಹಿಂಬದಿಯಲ್ಲಿ ಇನ್ನೊಂದು ಕಾಲುದಾರಿ ಕಂಡಿತು. ಬಂದ ದಾರಿಯಲ್ಲೇ ಮರಳುವುದು ನನ್ನ ಜಾತಕದಲ್ಲಿಲ್ಲ. ಎಲ್ಲೋ ಒಂದು ಕಡೆ ಸೇರುತ್ತದೆ ಎಂದುಕೊಂಡು ಅದನ್ನೇ ಹಿಡಿದೆ. ಅದು ಸೇರಲಿಲ್ಲ. ಕೊನೆಗೆ ಬೆಟ್ಟದ ಇನ್ನೊಂದು ಮಗ್ಗುಲಿನ ಬಸ್ ಸ್ಟಾಪಿನಲ್ಲಿದ್ದೆ. ಬ್ಯಾಗಿನ ಗಂಟೆ ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು. ಹೋಟೆಲಿನ ವೈಫೈ ಬಿಟ್ಟರೆ ನಮ್ಮ ಫೋನುಗಳಿಗೆ ಬೇರೆ ಗತಿ ಇರಲಿಲ್ಲ. ವಾಪಸ್ ಹತ್ತಬಹುದಿತ್ತು. ನಿಮ್ಮಲ್ಲಿ ಸುಳ್ಳು ಯಾಕೆ, ಹೊತ್ತೂ ಇತ್ತು, ಕಾಲಲ್ಲಿ ಶಕ್ತಿಯೂ ಇತ್ತು. ಅಷ್ಟರಲ್ಲಿ ಬಸ್ಸು ಬಂತು, ಹೋಗಿ ಕುಳಿತೆ. ಅವರೂ ಇಳಿದಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಅವರಿಬ್ಬರು ಹೋಟೆಲಿಗೆ ಬಂದದ್ದು ಸಂಜೆ. ಹಯಾಶಿಯವರು ಎಷ್ಟು ಹೇಳಿದರೂ ಹಮೀದಾಕ ಆ ಕಲ್ಲಿನಿಂದ ಎದ್ದಿರಲಿಲ್ಲವಂತೆ. ಚಳಿಯಲ್ಲಿ ಮೂರು ಗಂಟೆ ಕಾಲ ಕರಡಿಗಂಟೆ ಅಲ್ಲಾಡಿಸುತ್ತಾ ಕುಳಿತಿದ್ದರಂತೆ. ನನ್ನನ್ನು ಕಂಡು ಹಮೀದಾಕ ಹೇಳಿದ್ದು ಇಷ್ಟೇ: "ಬಂದ್ರಾ? ಊಟ ಆಯ್ತಾ?" ಬೈದಿದ್ದರೆ ಬಚಾವಾಗುತ್ತಿದ್ದೆ. ಮರುದಿನ ತಮ್ಮ ಗಂಟೆಯನ್ನು ನನ್ನ ಕೈಗೆ ಕೊಟ್ಟು, "ನಿಮ್ಮದು ಬಿದ್ದುಹೋಯ್ತಲ್ಲ, ಇಟ್ಟುಕೊಳ್ಳಿ. ಎಲ್ಲಿದ್ದೀರಿ ಅಂತ ಗೊತ್ತಾಗ್ಲಿ" ಎಂದರು. ನಾನು ಹಲ್ಲು ಕಿರಿದೆ. ಆಮೇಲಿನ ಏಳು ವರ್ಷ, ಚಹಾ ಕುಡಿಯುವಾಗೆಲ್ಲ, ತಪ್ಪಾಯ್ತು ಎಂಬ ಮಾತು ನಾಲಿಗೆ ತುದಿಗೆ ಬರುತ್ತಿತ್ತು. ಅಷ್ಟರಲ್ಲಿ ನಾನೇ, "ಯಲ್ಲಾ, ಹೊರಡುವ, ಕೆಲಸ ಉಂಟು" ಎಂದು ಎದ್ದುಬಿಡುತ್ತಿದ್ದೆ.

ಇವತ್ತು ಜುಮ್ಮಾ ನಮಾಜು, ಊಟ ಎಲ್ಲ ಮುಗಿಯುವ ಹೊತ್ತು ನೋಡಿ ಹೊರಟೆ. ಅಲ್ ಖೌದ್‌ವರೆಗೆ ಒಂದೇ ಲೇನಿನಲ್ಲಿ ಹೋದೆ ಎಂದರೆ ನನ್ನ ಅವಸ್ಥೆ ನಿಮಗೆ ಅರ್ಥವಾದೀತು. ಹಮೀದಾಕ ರಟ್ಟಿನ ಪೆಟ್ಟಿಗೆಗಳ ನಡುವೆ ಕುಳಿತು ಹಗ್ಗ ಬಿಗಿಯುತ್ತಿದ್ದರು. ಅವರ ಸ್ವಂತ ಸಾಮಾನಿಗಿಂತ, ಊರಿಗೆ ತಲುಪಿಸಿ ಎಂದು ಕಂಡವರೆಲ್ಲ ಕೊಟ್ಟ ಪೊಟ್ಟಣಗಳೇ ಹೆಚ್ಚಿದ್ದವು.

"ಕೂತ್ಕೊಳ್ಳಿ ಅಂತ ಹೇಳ್ಬಹುದಾ, ಅಲ್ಲ ಹೋಗ್ಲಿಕ್ಕೆ ಉಂಟಾ?" ಎಂದರು.

ಕೀ ಗೊಂಚಲನ್ನು ಒಂದು ಪೆಟ್ಟಿಗೆಯ ಮೇಲಿಟ್ಟು ಎದುರು ಕುಳಿತೆ. "ಆ ದಿನ ಬೆಟ್ಟದಲ್ಲಿ ನಾನು ವಾಪಸ್ ಬರ್ಬೇಕಿತ್ತು ಹಮೀದಾಕ. ಬರ್ಬಹುದಿತ್ತು, ಬರ್ಲಿಲ್ಲ. ತಪ್ಪಾಯ್ತು."

ಅವರು ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ. "ನೀವು ಇಳಿದು ಹೋದದ್ದು ನನಗೆ ಆಗ್ಲೇ ಗೊತ್ತಾಗಿತ್ತು. ನೀವು ಒಂದು ಕಡೆ ನಿಲ್ಲುವ ಜನವಾ?"

"ಮತ್ತೆ ಯಾಕೆ ಕೂತದ್ದು, ಆ ಚಳಿಯಲ್ಲಿ?"

"ಒಂದು ವೇಳೆ ನಿಮಗೆ ಮನಸ್ಸು ಬದಲಾಗಿ, ಹುಡುಕಿಕೊಂಡು ಬಂದ್ರೆ? ಇಲ್ಲೇ ಇರ್ತೇನೆ ಅಂತ ಹೇಳಿದವ ನಾನಲ್ವಾ."

ನಾಳೆಯಿಂದ ಈ ಮನುಷ್ಯ ಈ ಊರಿನಲ್ಲಿ ಇರುವುದಿಲ್ಲ ಎಂಬುದು ಐದು ದಿನದಲ್ಲಿ ಮೊದಲ ಬಾರಿಗೆ ತಲೆಗೆ ಹೋಯಿತು. ಅವರು ಮೊಣಕಾಲು ಹಿಡಿದು ಎದ್ದು, ಚಹಾ ಮಾಡುತ್ತೇನೆಂದು ಒಳಗೆ ಹೋದರು. ಅರ್ಧ ಕಟ್ಟಿದ ಹಗ್ಗದ ತುದಿ ಹಿಡಿದುಕೊಂಡು ನಾನು ಅಲ್ಲೇ ಕುಳಿತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ದನಿ ಬಂತು.

"ಶೆಟ್ರೇ, ಗಂಟೆಯ ಶಬ್ದವೇ ಇಲ್ಲ. ಹೋದ್ರಾ?"

"ಇಲ್ಲ ಹಮೀದಾಕ, ಇಲ್ಲೇ ಇದ್ದೇನೆ" ಎಂದೆ.