ಭಾವನ ಆಟದ ಎರಡನೇ ಭಾಗ

ನನ್ನ ಗಂಡನ ಅಣ್ಣ ಗಂಗಾಧರ ಭಾವ ಮಸಿನಗುಡಿ ಕಾಡಿನಲ್ಲಿ ಹದಿನಾಲ್ಕು ವರ್ಷ ಅರಣ್ಯ ಇಲಾಖೆಯ ಕಾವಲುಗಾರ, ಅಂದರೆ ವಾಚರ್, ಆಗಿದ್ದರು. ಎರಡು ವರ್ಷದ ಹಿಂದೆ ಜೊತೆಗಾರ ಗಿರಿಧರನ್ ಆನೆಗೆ ಸಿಕ್ಕಿ ಸತ್ತ. ಆಮೇಲೆ ಭಾವ ಕಾಡಿನತ್ತ ತಲೆ ಹಾಕಲಿಲ್ಲ, ಕಂಪ್ಯೂಟರಿನ ಮುಂದೆ ಕೂತುಬಿಟ್ಟರು.

ಆಡುತ್ತಿದ್ದುದು ಒಂದೇ ಆಟ. ಕೈಯಲ್ಲಿ ಆಯುಧವಿಲ್ಲ. ಕಾವಲಿನವರ ಕಣ್ಣಿಗೆ ಬೀಳದೆ, ನೆರಳಿನಿಂದ ನೆರಳಿಗೆ ಸರಿಯುತ್ತ, ಒಬ್ಬ ಗೆಳೆಯನನ್ನು ಕೋಟೆಯಿಂದ ಆಚೆ ತರಬೇಕು. ಅವನು ಶಿಳ್ಳೆ ಹಾಕಿದಾಗ ಒಂದು ಕೀ ಒತ್ತಿ ಮರುಶಿಳ್ಳೆ ಕೊಟ್ಟರೆ ಅಪಾಯವಿದೆಯೆಂದು ಅಲ್ಲೇ ನಿಲ್ಲುತ್ತಾನೆ. ಭಾವ ಒಮ್ಮೆಯೂ ತಪ್ಪಿಸಿದವರಲ್ಲ. ನಾಲ್ಕು ವರ್ಷದ ನನ್ನ ಮಗಳು ಸಿಂಧುಜಾ ಅವರ ಪಕ್ಕ ಉಸಿರು ಬಿಗಿಹಿಡಿದು ಕೂರುವಳು. ಮಗು ಇಷ್ಟು ಸದ್ದಿಲ್ಲದೆ ಇರಬಹುದೇ ಎಂದು ನಾನು ಹತ್ತು ಸಲ ಇಣುಕುತ್ತಿದ್ದೆ.

"ಮೈಸೂರಲ್ಲಿ ಡಿಗ್ರಿ ಓದಿದ್ದು ಹೀಗೆ ಇಣುಕೋದಕ್ಕಾ?" ಎಂದು ನನ್ನ ಗಂಡ ಸರವಣ ಕಿಚಾಯಿಸುತ್ತಿದ್ದರು.

ಕಳೆದ ತಿಂಗಳು ಆ ಆಟದ ಎರಡನೇ ಭಾಗ ಬಂತು.

"ಅವಿತುಕೊಳ್ಳೋಕೆ ಒಂದು ಪೊದೆನೂ ಇಟ್ಟಿಲ್ಲವಲ್ಲ! ಬರೀ ಬಂದೂಕು. ಈ ಆಟ ಮಾಡಿದೋರಿಗೆ ಏನಾಗಿದೆ?" ಎಂದು ಭಾವ ಗೊಣಗಿದರು. ಆದರೂ ಗೆಳೆಯನನ್ನು ಹುಡುಕುತ್ತ ಹೋದರು. ಮುರಿದ ಗೋಡೆಯಾಚೆ ಅವನ ಶಿಳ್ಳೆ ಕೇಳಿಸಿತು. ರೂಢಿಯಂತೆ ಅದೇ ಕೀ ಒತ್ತಿದರು. ಈ ಸಲ ಶಿಳ್ಳೆಯ ಬದಲು ಅವರದೇ ಬಂದೂಕು ಸಿಡಿಯಿತು. ಗೆಳೆಯ ಮುಗ್ಗರಿಸಿ ಬಿದ್ದ.

"ದೊಡ್ಡಪ್ಪಾ, ಶಿಳ್ಳೆ ಹಾಕು," ಎಂದಳು ಸಿಂಧುಜಾ.

ಭಾವ ಕೀಬೋರ್ಡನ್ನು ದೂರ ತಳ್ಳಿದರು. ನಾನು ಮಗುವನ್ನು ಎತ್ತಿಕೊಂಡೆ.

"ಅವತ್ತು ಲಂಟಾನ ಪೊದೆ ಆಚೆಯಿಂದ ಗಿರಿ ಶಿಳ್ಳೆ ಹಾಕ್ದ, ಅಮ್ಮಾ," ಎಂದು ಭಾವ ನನಗೆ ಹೇಳಿದರು. "ಆನೆ ನನ್ನ ಮುಂದೆನೇ ಇತ್ತು. ನಾನು ಶಿಳ್ಳೆ ಕೊಟ್ಟಿದ್ರೆ ನನ್ನ ಕಡೆ ತಿರುಗ್ತಿತ್ತು. ಸುಮ್ಮನಿದ್ದೆ. ಉತ್ತರ ಬರದಿದ್ರೆ ದಾರಿ ಖಾಲಿ ಅಂತ ನಮ್ಮ ವಾಚರ್‌ಗಳ ಲೆಕ್ಕ. ಅವನು ನಡೆದು ಬಂದ. ಪಂಕಜಂ ಕೇಳಿದಾಗ ನನಗೇನೂ ಕೇಳಿಸಲೇ ಇಲ್ಲ ಅಂದುಬಿಟ್ಟೆ."

ಪಂಕಜಂ ಗಿರಿಧರನ್ ಹೆಂಡತಿ. ಮಾರನೆಯ ಬೆಳಿಗ್ಗೆ ಭಾವ ತೆಪ್ಪಕಾಡಿಗೆ, ಅವಳ ಮನೆಗೆ ಹೊರಟರು. ಒಬ್ಬರನ್ನೇ ಕಳಿಸಲು ಧೈರ್ಯ ಸಾಲದೆ ನಾನೂ ಬಸ್ಸು ಹತ್ತಿದೆ. ಹೇಳುವುದನ್ನೆಲ್ಲ ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಎಷ್ಟು ಸಲ ಶಿಳ್ಳೆ ಹಾಕಿದ್ರು, ಅಣ್ಣಾ?"

"ಮೂರು."

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಒಳಗೆ ಅವರನ್ನ ಹೆತ್ತಮ್ಮ ಇದ್ದಾರೆ. ಅವರಿಗೂ ನೀವೇ ಹೇಳಿ."