ಅಂಚಿನೊಳಗಿನ ಸಾಲು

ದೊಡ್ಡವರೆನ್ನಿಸಿಕೊಂಡವರನ್ನೆಲ್ಲ ಹಿಂದಿನಿಂದ ನೋಡಿದವನು ಫ್ರೇಮಣ್ಣ. ಮುಂದೆ ಗಾಜು, ಚಿನ್ನದ ಬಣ್ಣದ ಪಟ್ಟಿ, ನಗುವ ಮುಖ. ಹಿಂದೆ ತೆಳ್ಳನೆ ಹಲಗೆ, ತುಕ್ಕು ಹಿಡಿದ ಮೊಳೆ, ಹುಳ ತಿಂದ ಕಾಗದ. ಮೂವತ್ತು ವರ್ಷ ಫೋಟೋಗಳಿಗೆ ಕಟ್ಟು ಹಾಕಿದ ಮೇಲೆ, ಗೋಡೆ ಏರಿದ ಯಾವುದರ ಮೇಲೂ ಅವನಿಗೆ ಗೌರವ ಉಳಿದಿರಲಿಲ್ಲ.

ಅದರಲ್ಲೂ ಊರಿನ ಶಾಲೆಯ ಹೆಡ್‌ಮಾಸ್ಟರರ ಮೇಲೆ. ಅವರ ಕೋಣೆಯ ಹದಿನೇಳು ಕಟ್ಟುಗಳೂ ಇವನ ಕೈಯವೇ. ಹದಿನೇಳರಲ್ಲೂ ನಡುವೆ ನಿಂತವರು ಅವರೇ. ಮಕ್ಕಳು ಒಂದರಲ್ಲೂ ಇಲ್ಲ.

ಆ ಗೋಡೆಯ ಕೆಳಗೇ ಅವನು ತಂಗಿಯ ಮಗಳನ್ನು ನಿಲ್ಲಿಸಿಕೊಂಡು ಬೇಡಬೇಕಾಯಿತು.

“ಜನನ ಪತ್ರ ಎಲ್ಲಿ?”

“ಇಲ್ಲ ಸಾರ್. ತಂಗಿ ಕಟ್ಟಡದ ಕೆಲಸಕ್ಕೆ ಊರೂರು ತಿರುಗ್ತಿದ್ಲು. ಮಗು ಶೆಡ್ಡಲ್ಲೇ ಹುಟ್ಟಿದ್ದು.”

“ಹುಟ್ಟಿದ್ದಕ್ಕೆ ಸಾಕ್ಷಿ ಏನಪ್ಪಾ ಮತ್ತೆ?”

“ಎದುರಿಗೇ ನಿಂತಿದಾಳಲ್ಲ ಸಾರ್! ಹುಟ್ಟದೆ ಬಂದ್ಲಾ?”

ಹುಡುಗಿ ಕಿಸಕ್ಕನೆ ನಕ್ಕಳು. ಹೆಡ್‌ಮಾಸ್ಟರರು ನಗಲಿಲ್ಲ. “ಪತ್ರ ತಗೊಂಡು ಬಾ, ನೋಡೋಣ. ಸೋಮವಾರಕ್ಕೆ ದಾಖಲಾತಿ ಮುಗಿಯುತ್ತೆ.”

ಪತ್ರ ಕೊಡುವ ಕಚೇರಿಯವರು ಆರು ತಿಂಗಳು ಎಂದಿದ್ದರು. ಹೆಡ್‌ಮಾಸ್ಟರರಿಗೆ ಅದು ಗೊತ್ತು. ಏಳು ವರ್ಷವಾದರೂ ಅಕ್ಷರ ಬಾರದ ಹುಡುಗಿ ಬಂದು ಕೂತರೆ, ಗೇಟಿಗೆ ಬರೆಸಿಕೊಂಡ ‘ನೂರಕ್ಕೆ ನೂರು’ ಫಲಿತಾಂಶಕ್ಕೆ ಮಸಿ ಹತ್ತೀತಲ್ಲ! ಅಕ್ಷರ ಬಂದವರಿಗೆ ಮಾತ್ರ ಕಲಿಸುವುದಕ್ಕೆ ಮೇಷ್ಟರು ಯಾಕೆ ಬೇಕೋ.

ಎರಡು ದಿನ ಬಿಟ್ಟು ಅದೇ ಮಹಾಶಯ ಸುರುಳಿ ಸುತ್ತಿದ ಹಾಳೆ ಹಿಡಿದು ಅಂಗಡಿಗೆ ಬಂದರು.

“ಶಿಕ್ಷಣದ ಕಾನೂನಪ್ಪಾ ಇದು. ಗೋಡೆ ಮೇಲೆ ಇರ್ಲೇಬೇಕಂತೆ. ಸೋಮವಾರ ಇನ್ಸ್‌ಪೆಕ್ಟರ್ ಮೇಡಮ್ ಬರ್ತಾರೆ. ಸುತ್ತ ಬಿಳಿ ರಟ್ಟಿನ ಅಂಚು ಅಗಲವಾಗಿ ಕೊಡು. ಕೆಳಗಿನ ಒಂದೆರಡು ಸಾಲು ಅಂಚಿನೊಳಗೆ ಹೋದ್ರೂ ಪರ್ವಾಗಿಲ್ಲ.”

“ಯಾಕ್ ಸಾರ್, ಅಷ್ಟು ಕೊಳಕಾಗಿದ್ಯಾ ಆ ಸಾಲು?”

“ಅಂದಕ್ಕಪ್ಪಾ, ಅಂದಕ್ಕೆ.”

ಗಿರಾಕಿಯ ಬಾಯಲ್ಲಿ ‘ಅಂದ’ ಎಂಬ ಮಾತು ಬಂತೆಂದರೆ ಏನೋ ಮುಚ್ಚಲಿಕ್ಕಿದೆ ಎಂದೇ ಅರ್ಥ: ಹರಿದ ಮೂಲೆ, ನೀರಿನ ಕಲೆ, ಇಲ್ಲವೇ ಮುನಿಸಿಕೊಂಡು ಹೋದ ಭಾವನ ಮುಖ. ಅವರು ಮರೆಯಾದ ಕೂಡಲೇ ಫ್ರೇಮಣ್ಣ ಹಾಳೆಯನ್ನು ಮೇಜಿನ ಮೇಲೆ ಹರಡಿದ. ಅವನದು ಮೂರನೇ ಕ್ಲಾಸಿನ ಓದು. ಬೆರಳಿಟ್ಟು, ಒತ್ತಕ್ಷರ ಬಂದಲ್ಲೆಲ್ಲ ಎಡವಿ, ಬೈದು, ಮತ್ತೆ ಹಿಂದಕ್ಕೆ ಬಂದು, ಕೊನೆಯ ಸಾಲು ಮುಟ್ಟಿದ. ‘ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಶಾಲಾ ಪ್ರವೇಶ ನಿರಾಕರಿಸುವಂತಿಲ್ಲ.’

ಆ ಕೊನೆಯ ಪದಕ್ಕೆ ಪಕ್ಕದಂಗಡಿಯ ದರ್ಜಿಯನ್ನು ಕೂಗಬೇಕಾಯಿತು.

“ಬೇಡ ಅನ್ನಂಗಿಲ್ಲ ಅಂತ ಕಣಯ್ಯ.”

“ಹಾಗಂತಲೇ ಬರೆಯೋಕೆ ಏನು ರೋಗ ಇವ್ರಿಗೆ?”

ಕಾನೂನು ಬರೆದವರು ಅದನ್ನು ಉದ್ದದ ಮಾತಿನಲ್ಲಿ ಬಚ್ಚಿಟ್ಟಿದ್ದರು. ಹೆಡ್‌ಮಾಸ್ಟರರು ರಟ್ಟಿನಲ್ಲಿ ಬಚ್ಚಿಡಲು ಹೊರಟಿದ್ದರು, ಅದೂ ಇವನ ಕೈಯಿಂದಲೇ! ಫ್ರೇಮಣ್ಣ ಚಾಕು ಮಸೆದು, ರಟ್ಟು ಕೊಯ್ಯಲು ಕೂತ.

ಸೋಮವಾರ ಪೇಪರ್ ಸುತ್ತಿದ ಕಟ್ಟು, ಸುತ್ತಿಗೆ, ಮೊಳೆ, ಜೊತೆಗೆ ಹುಡುಗಿ. ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಮೇಡಮ್ ಕೂತಿದ್ದರು. ಕೈಯಲ್ಲಿದ್ದ ಪಟ್ಟಿಯಲ್ಲಿ ಒಂದೇ ಪ್ರಶ್ನೆ ಬಾಕಿ: ಕಾನೂನಿನ ಫಲಕ ತೂಗುಹಾಕಿದೆಯೇ? ಹೌದು, ಇಲ್ಲ.

ಪೇಪರ್ ಬಿಚ್ಚಿದರೆ ಬರೀ ಬಿಳಿ ರಟ್ಟು. ತಳದಲ್ಲಿ ಬೆರಳಗಲದ ಒಂದೇ ಕಿಟಕಿ, ಅದರೊಳಗೆ ಒಂದೇ ಸಾಲು.

“ಏನೋ ಇದು?” ಹೆಡ್‌ಮಾಸ್ಟರರ ದನಿ ಕೀರಲಾಯಿತು.

“ನೀವೇ ಹೇಳಿದ್ರಲ್ಲ ಸಾರ್, ಅಂಚು ಅಗಲ ಇರ್ಲಿ ಅಂತ. ಬೇಡದ್ದೆಲ್ಲ ಒಳಗೆ ಹೋಯ್ತು.”

ಮೇಡಮ್ ಸಾಲನ್ನು ಗಟ್ಟಿಯಾಗಿ ಓದಿ, ಹುಡುಗಿಯ ಕಡೆ ನೋಡಿದರು. “ಇವಳ್ಯಾರು?”

“ಆ ಸಾಲಲ್ಲಿರೋ ಮಗು ಇದೇ ಮೇಡಮ್. ಪತ್ರ ಇಲ್ಲ ಅಂತ ಸಾರ್ ವಾಪಸ್ ಕಳಿಸಿದ್ರು.”

ಆಕೆ ಹೆಡ್‌ಮಾಸ್ಟರರ ಮೇಲೆ ಸಿಡಿಯಬಹುದು ಅಂದುಕೊಂಡಿದ್ದ ಫ್ರೇಮಣ್ಣ. ಸಂಬಳದ ಕುರ್ಚಿಯಲ್ಲಿ ಕೂತವರಿಗೆ ಸಿಟ್ಟು ಎಲ್ಲಿಂದ ಬರಬೇಕು! “ನೋಡಿ ಮಾಡಿ ಸಾರ್,” ಎಂದು ಹೆಡ್‌ಮಾಸ್ಟರರಿಗೆ ಹೇಳಿ ಗಡಿಯಾರ ನೋಡಿಕೊಂಡರು. “ಮೊದ್ಲು ಅದನ್ನ ತೂಗುಹಾಕ್ಸಿ. ನಾನಿನ್ನೂ ಮೂರು ಶಾಲೆಗೆ ಹೋಗ್ಬೇಕು.”

ಫ್ರೇಮಣ್ಣ ಸ್ಟೂಲು ಹತ್ತಿದ. ಮೊಳೆಯನ್ನು ಗೋಡೆಗಿಟ್ಟ. ಸುತ್ತಿಗೆ ಎತ್ತಿದ. ಹಾಗೇ ನಿಂತ.

“ಹೊಡಿಯಪ್ಪಾ!”

“ಕೈ ಹಿಡ್ಕೊಂಡಿದೆ ಸಾರ್. ಹೆಸರು ಬರೆದ್ರೆ ಬಿಡುತ್ತೆ.”

ಮೇಡಮ್ ಮತ್ತೆ ಗಡಿಯಾರ ನೋಡಿದರು. ಹೆಡ್‌ಮಾಸ್ಟರರು ಹಲ್ಲು ಕಚ್ಚಿ ದಾಖಲಾತಿ ಪುಸ್ತಕ ಎಳೆದುಕೊಂಡರು.

“ಹುಟ್ಟಿದ ತಾರೀಖು?”

ಹುಡುಗಿ ಸ್ಟೂಲಿನ ಕಡೆ ತಲೆ ಎತ್ತಿದಳು. “ಇವತ್ತೇ ಅಂತ ಬರೀಲಿ ಬಿಡು ಮಾವ.”

ಹೆಡ್‌ಮಾಸ್ಟರರು ಏಳು ವರ್ಷ ಹಿಂದಕ್ಕೆ ಎಣಿಸಿ ಅದೇ ತಾರೀಖು ಬರೆದರು. ಫ್ರೇಮಣ್ಣ ಕೆಳಗಿಳಿದು ಬಂದು, ಅವಳ ಹೆಸರಿನ ಮೇಲೆ ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ನೋಡಿದ. ಹಸಿ ಶಾಯಿ ಬೆರಳಿಗೆ ಹತ್ತಿತು. ಮತ್ತೆ ಸ್ಟೂಲು ಹತ್ತಿ ಮೂರೇ ಏಟು ಹಾಕಿದ.

ಮೊಳೆ ಸೊಟ್ಟ ಹೋಯಿತು. ಆ ಗೋಡೆಗೆ ಅಷ್ಟು ಸಾಕೆಂದು ನೆಟ್ಟಗೆ ಮಾಡಲು ಹೋಗಲಿಲ್ಲ.