ಉಪ್ಪು ಹಾಕದ ಗಂಜಿ

ಲಿವರ್ ಕೆಡುವುದು ಕುಡುಕರಿಗೆ ಮಾತ್ರ ಎಂದು ನಂಬಿಕೊಂಡೇ ನಾನು ಐವತ್ತು ದಾಟಿದವಳು. ನಮ್ಮ ಯಜಮಾನರು ಬೀಡಿ ಸೇದಿದವರಲ್ಲ, ಬಾರಿನ ಮೆಟ್ಟಿಲು ಹತ್ತಿದವರಲ್ಲ. ನೌಪಾಡಾದಲ್ಲಿ ಅವರದ್ದೊಂದು ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಮುಂಬೈ ಪಕ್ಕದ ಠಾಣೆಗೆ ಬಂದವರು ಮತ್ತೇನು ಮಾಡಿಯಾರು? ಹಾಗಾಗಿ ಡಾಕ್ಟರು ಸ್ಕ್ಯಾನಿಂಗ್ ನೋಡಿ ‘ಸಿರೋಸಿಸ್’ ಅಂದಾಗ ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಬೇರೆ ಯಾರದ್ದೋ ರಿಪೋರ್ಟು ಕೊಟ್ಟಿದ್ದಾರೆಂದು ಕೌಂಟರಿನ ಹುಡುಗಿಯ ಜೊತೆ ಜಗಳವಾಡಿ ಬಂದೆ.

ರಿಪೋರ್ಟು ಅವರದ್ದೇ ಆಗಿತ್ತು. ದಿನವಿಡೀ ಏನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದಾಗ ಇವರು ಹೇಳಿದ್ದನ್ನು ನಾನೂ ಅವತ್ತೇ ಪೂರ್ತಿಯಾಗಿ ಕೇಳಿದ್ದು. ಮೊದಲ ಬಾಣಲೆಯ ವಡೆಯ ರುಚಿ ನೋಡಬೇಕು. ಶಿರಾಕ್ಕೆ ಸಕ್ಕರೆ ಸರಿಯಾಯಿತೋ ಎಂದು ಒಂದು ಚಮಚ. ಪರಿಚಯದ ಗಿರಾಕಿ ಬಂದರೆ ಅವರ ಜೊತೆ ಅರ್ಧ ಲೋಟದ ಒಂದು ಕಟಿಂಗ್ ಚಾ. ಮೂವತ್ತು ವರ್ಷ ಒಂದೇ ಗಲ್ಲಾದಲ್ಲಿ ಕೂತವರಿಗೆ ಪರಿಚಯವಿಲ್ಲದ ಗಿರಾಕಿ ಯಾರು? ಸಂಜೆ ಉಳಿದ ಗೋಳಿಬಜೆಯನ್ನು ಬಿಸಾಡಲು ಮನಸ್ಸು ಬಾರದೆ ತಾವೇ ತಿಂದು ಮುಗಿಸುವುದು. ಸರಿಯಾಗಿ ಕೂತು ಊಟ ಮಾಡಿದ್ದು ಅಪರೂಪ. ಕೊಬ್ಬು ಲಿವರಿನಲ್ಲಿ ಕೂತು ಕೂತು, ಒಳಗೊಳಗೇ ಗಾಯವಾಗಿ, ಈಗ ಗಟ್ಟಿಯಾಗಿದೆ ಎಂದರು ಡಾಕ್ಟರು. ಕೆಟ್ಟದ್ದು ಸರಿಯಾಗುವುದು ಕಷ್ಟ, ಉಳಿದದ್ದನ್ನು ಉಳಿಸಿಕೊಳ್ಳಿ, ಎಣ್ಣೆ-ಸಕ್ಕರೆ ಬಿಡಿ, ಉಪ್ಪು ತೀರಾ ಕಡಿಮೆ ಮಾಡಿ ಎಂದರು. ಸುದ್ದಿ ತಿಳಿದ ನೆಂಟರೊಬ್ಬರು, ಗುಟ್ಟಾಗಿ ಕುಡಿಯುತ್ತಿದ್ದರೋ ಏನೋ ಎಂದು ಆಡಿಕೊಂಡರಂತೆ. ಅವರ ಮನೆಗೆ ನಾನು ಇನ್ನೂ ಕಾಲಿಟ್ಟಿಲ್ಲ.

ಇನ್ನು ನನ್ನ ಕೈಗೆ ಬಿಡಿ ಎಂದು ಸೆರಗು ಕಟ್ಟಿದೆ. ನಮ್ಮ ಕಡೆ ಯಾರು ಕಾಯಿಲೆ ಬಿದ್ದರೂ ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಏರುತ್ತದೆ. ನಾವಿರುವ ಡೊಂಬಿವಲಿಯ ಎರಡು ಕೋಣೆಯ ಫ್ಲಾಟಿನಲ್ಲೂ ಅದೇ ಏರಿತು. ಬೇಳೆ ಜೀರ್ಣವಾಗದು, ಮೊಸರು ತಂಪು ಎಂದು ಎರಡನ್ನೂ ನಿಲ್ಲಿಸಿದೆ. ಗಂಜಿಗೆ ಒಂದು ಹರಳು ಉಪ್ಪೂ ಹಾಕಲಿಲ್ಲ. ಆ ಸಪ್ಪೆ ಗಂಜಿ ಅವರ ಗಂಟಲಲ್ಲಿ ಇಳಿಯದಿದ್ದಾಗ ಪಾಪ ಅನ್ನಿಸಿ, ತಟ್ಟೆಯ ತುದಿಗೆ ಎರಡು ಮಾವಿನ ಮಿಡಿ ಉಪ್ಪಿನಕಾಯಿ, ಒಂದು ಹಪ್ಪಳ ಇಟ್ಟೆ. ಹಪ್ಪಳವನ್ನು ಕರಿಯದೆ, ಕೆಂಡದ ಬದಲು ಗ್ಯಾಸಿನ ಉರಿಯಲ್ಲೇ ಸುಟ್ಟೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಕೆಲವು ವಾರಗಳಲ್ಲಿ ಅವರ ತೋಳು ಸೊರಗಿತು, ಕೆನ್ನೆ ಒಳಗೆ ಹೋಯಿತು, ಹೊಟ್ಟೆ ಮಾತ್ರ ದಿನದಿನಕ್ಕೂ ಮುಂದೆ ಬಂತು. ಗಂಜಿ ಮೈಗೆ ಹಿಡಿಯುತ್ತಿದೆ ಎಂದು ನಾನು ಊರಿಗೆ ಫೋನ್ ಮಾಡಿ ಹೇಳಿದೆ, ದೇವರೇ. ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ ನಾವು ಮಾತಾಡುವುದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳೇ ಒಂದು ಬೆಳಿಗ್ಗೆ, “ಮಮ್ಮೀ, ಯೇ ಮೋಟಾಪಾ ನಹೀ ಹೈ. ಪಪ್ಪಾ ಕೇ ಪೈರ್ ದೇಖೋ,” ಎಂದಳು. ಇದು ಬೊಜ್ಜಲ್ಲ, ಪಪ್ಪನ ಕಾಲು ನೋಡು ಅಂತ. ಕೂತು ಅವರ ಪಾದದ ಮೇಲೆ ಹೆಬ್ಬೆರಳು ಒತ್ತಿದೆ. ಕುಳಿ ಬಿತ್ತು. ಕೈ ತೆಗೆದ ಮೇಲೂ ಅದು ಹಾಗೆಯೇ ಇತ್ತು. ಇವರು ನನ್ನ ಮುಖ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಹೊಟ್ಟೆಗೆ ನಳಿಗೆ ಹಾಕಿ ಹಳದಿ ನೀರು ತೆಗೆದರು. ಮರುದಿನ ಪಥ್ಯ ಹೇಳುವ ಮರಾಠಿ ಹುಡುಗಿ ಫೈಲು ಹಿಡಿದು ಬಂದಳು.

“ಘರ್ ಮೇ ಕ್ಯಾ ಖಾತೇ ಹೈ?” ಮನೆಯಲ್ಲಿ ಏನು ತಿನ್ನುತ್ತಾರೆ ಎಂದಳು.

“ಕುಛ್ ನಹೀ, ಸಿರ್ಫ್ ಗಂಜಿ. ನಮಕ್ ಬಿಲ್ಕುಲ್ ನಹೀ,” ಉಪ್ಪು ಒಂಚೂರೂ ಇಲ್ಲ ಎಂದೆ, ಹೆಮ್ಮೆಯಿಂದಲೇ.

“ಸಾಥ್ ಮೇ?” ಜೊತೆಗೇನು ಎಂದಳು.

“ಥೋಡಾ ಅಚಾರ್. ಪಾಪಡ್.”

ಅವಳ ಪೆನ್ನು ನಿಂತಿತು. ಉಪ್ಪಿನಕಾಯಿಯನ್ನು ನಮ್ಮಲ್ಲಿ ಯಾರೂ ಊಟವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವಳು ಹಿಡಿದಳು. ನೀವು ಪಾತ್ರೆಗೆ ಹಾಕದೆ ಉಳಿಸಿದ್ದಕ್ಕಿಂತ ಹೆಚ್ಚು ಉಪ್ಪು ಆ ಮಿಡಿ, ಹಪ್ಪಳದಲ್ಲೇ ಹೋಗಿದೆ, ಆ ಉಪ್ಪೇ ಹೊಟ್ಟೆಯಲ್ಲಿ ನೀರು ಹಿಡಿದಿಟ್ಟಿದೆ ಎಂದಳು. ಬೇಳೆ, ಮೊಸರು ನಿಲ್ಲಿಸಿದ್ದರಿಂದ ದೇಹ ತನ್ನ ಮಾಂಸವನ್ನೇ ತಿಂದುಕೊಂಡಿದೆ ಎಂದಳು. ಆಮೇಲೆ ಉಪ್ಪಿನಕಾಯಿ ಕೊಡುತ್ತಿದ್ದದ್ದು ಯಾರೆಂದು ಕೇಳಿದಳು, “ಅಚಾರ್ ದೇತಾ ಕೌನ್ ಥಾ?”

ನಾನು ಬಾಯಿ ತೆರೆಯುವ ಮೊದಲೇ ಮಂಚದಿಂದ ಇವರ ದನಿ ಬಂತು. “ಯೇ ನಹೀ ದೇತೀ. ಮೈಂ ಖುದ್ ಚುಪ್ಕೇ ಸೇ ಲೇತಾ ಥಾ.” ಇವಳು ಕೊಟ್ಟದ್ದಲ್ಲ, ನಾನೇ ಕದ್ದು ತೆಗೆದುಕೊಳ್ಳುತ್ತಿದ್ದೆ ಅಂದರು.

ಮಗಳ ವಯಸ್ಸಿನ ಹುಡುಗಿ ಅವರಿಗೆ ಚೆನ್ನಾಗಿ ಬೈದಳು. ಇಡೀ ವಾರ್ಡು ಕೇಳಿಸಿಕೊಂಡಿತು. ಇವರು ತಲೆ ತಗ್ಗಿಸಿ ಬೈಸಿಕೊಂಡರು, ನಾನು ಊಟದ ಚೀಲ ಹಿಡಿದು ಸುಮ್ಮನೆ ನಿಂತಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಕೇಳಿದೆ, “ಎಂತಕ್ಕೆ ಸುಳ್ಳು ಹೇಳಿದ್ರಿ?”

“ನೀನು ಕೊಟ್ಟದ್ದು ಅಂತ ಹೇಳಿದ್ರೆ ನೀನು ಹೆದರಿ ಹೋಗ್ತಿ. ಮತ್ತೆ ನನಗೆ ಉಣ್ಲಿಕ್ಕೆ ಕೊಡುವವರು ಯಾರು?”

ಈಗ ತೊವ್ವೆ, ಮೊಸರು, ಮೊಳಕೆ ಹೆಸರು ಎಲ್ಲವನ್ನೂ ಉಪ್ಪಿಲ್ಲದೆ, ಲಿಂಬೆ ಹಿಂಡಿ ಕೊಡುತ್ತೇನೆ. ತುಟಿ ಪಿಟಕ್ಕೆನ್ನದೆ ಉಣ್ಣುತ್ತಾರೆ. ಮೊನ್ನೆ ಸ್ನಾನಕ್ಕೆ ಬೆನ್ನು ತಿಕ್ಕುವಾಗ ನೋಡಿದೆ, ಹೊಟ್ಟೆ ಮತ್ತೆ ಉಬ್ಬುತ್ತಿದೆ. ಅವರನ್ನು ಮಲಗಿಸಿ ಅಡಿಗೆಮನೆಗೆ ಹೋದೆ. ಈ ಸಲವೂ ತಪ್ಪು ನನ್ನದೇ ಆಗಿರಲಿ, ಲಿವರಿನದ್ದಾಗದಿರಲಿ ಎಂದು ಬೇಡಿಕೊಳ್ಳುತ್ತ, ಅವರ ಅಡಿಗೆಗೆ ಬಳಸುವ ಒಂದೊಂದೇ ಡಬ್ಬ ಇಳಿಸಿ, ಮುಚ್ಚಳ ತೆಗೆದು, ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು ಎಲ್ಲೂ ಸಿಗಲಿಲ್ಲ.